ಮೋಡದ ನೆರಳಲ್ಲಿ ಕೈಹಿಡಿದ ಆಕ್ಸಿಜನ್-8

ಸೂರ್ಯನಿಂದ ಬೀಸುವ ಕಣಗಳು, ಅಂದರೆ ಸೌರಮಾರುತ, ಹತ್ತಿರದ ಅನಿಲಕ್ಕೆ ತಾಗಿದಾಗಲೂ ಎಕ್ಸ್-ಕಿರಣ ಹೊರಡುತ್ತದೆ. ಅದರ ಬೆರಕೆ ಇರುವ ಹಳೆಯ ಡೇಟಾದಿಂದ, ಸೌರವ್ಯೂಹದ ಸುತ್ತ ಎಕ್ಸ್-ಕಿರಣ ಸೂಸುವ ಬಿಸಿ ಅನಿಲದ ಗುಳ್ಳೆ ಅಳೆಯಲು ಆಗುವುದಿಲ್ಲ ಅಂತ ಜೊತೆಯವರೆಲ್ಲ ಹೇಳಿದ್ದರು. ಎರಡೂವರೆ ವರ್ಷ ಹಿಡಿಯಿತು, ಆದರೆ ಆಯಿತು.

ಹೊಸ ವೀಕ್ಷಣೆಗೆ ಎರಡು ಸಲ ಅರ್ಜಿ ಹಾಕಿದೆ, ಸಮಯ ಸಿಗಲಿಲ್ಲ. ಅನುದಾನವೂ ಬರಲಿಲ್ಲ. ಕೊನೆಗೆ ಎಕ್ಸ್‌ಎಂಎಂ-ನ್ಯೂಟನ್ ಎಂಬ ಎಕ್ಸ್-ಕಿರಣ ದೂರದರ್ಶಕದ ಆರ್ಕೈವ್‌ಗೇ ಇಳಿದೆ. ಅದಕ್ಕೆ ದುಡ್ಡು ಕೊಡಬೇಕಿಲ್ಲ. ಡಿಸ್ಕ್‌ಗಳನ್ನು ಮಾತ್ರ ಕೈಯಿಂದ ದುಡ್ಡು ಹಾಕಿ ತಂದೆ.

ಮೊದಲ ವರ್ಷ ಪೂರ್ತಿ ಹಾಳಾಯಿತು. ದೂರದ ಎಕ್ಸ್-ಕಿರಣ ತಡೆಯುವ ಅನಿಲ-ಧೂಳಿನ ಮೋಡದ ಮೇಲೊಂದು, ಪಕ್ಕದಲ್ಲೊಂದು ನೋಟ, ಅವೆರಡರ ವ್ಯತ್ಯಾಸ. ಎಲ್ಲರೂ ಮಾಡುವುದೇ. ಪ್ರೋಟಾನ್ ಫ್ಲೇರ್ (ಪ್ರೋಟಾನ್‌ಗಳು ಡಿಟೆಕ್ಟರ್‌ಗೆ ಬಡಿದು ಎಬ್ಬಿಸುವ ಗದ್ದಲ) ತೆಗೆದ ಮೇಲೆ 60 ಗಂಟೆಯಲ್ಲಿ ಉಳಿದದ್ದು 25 ಗಂಟೆಯಷ್ಟು. ಏಸ್ ಉಪಗ್ರಹದ ಅಳತೆ ನೋಡಿ ಸೌರಮಾರುತ ಜೋರಾದ ಹೊತ್ತುಗಳನ್ನೂ ಬಿಟ್ಟೆ. ಆದರೂ ಅದೇ ಮೋಡದ ಮೇಲೆ ಆಕ್ಸಿಜನ್-7 (ಆರು ಎಲೆಕ್ಟ್ರಾನ್ ಕಳೆದುಕೊಂಡ ಆಕ್ಸಿಜನ್) ರೋಹಿತದ ಗೆರೆ ಒಂದು ವರ್ಷ ಇದ್ದದ್ದು ಇನ್ನೊಂದು ವರ್ಷಕ್ಕೆ ಹತ್ತಿರಹತ್ತಿರ ದುಪ್ಪಟ್ಟು! ನೂರಾರು ಜ್ಯೋತಿರ್ವರ್ಷ ಅಗಲದ ಗುಳ್ಳೆ ಅಷ್ಟು ಬೇಗ ಬದಲಾಗುವುದಿಲ್ಲ ಅಲ್ವಾ?

ಆಮೇಲೆ ಆಕ್ಸಿಜನ್-8 (ಏಳು ಎಲೆಕ್ಟ್ರಾನ್ ಕಳೆದುಕೊಂಡದ್ದು) ಕಡೆ ತಿರುಗಿದೆ. ಸುಮಾರು 10 ಲಕ್ಷ ಕೆಲ್ವಿನ್‌ನ ಗುಳ್ಳೆಯಿಂದ ಆ ಗೆರೆ ಬರುವುದೇ ಕಡಿಮೆ. ದೂರದ್ದನ್ನು ಮೋಡ ತಡೆಯುತ್ತದೆ. ಹಾಗಾದರೆ ಮೋಡದ ಮೇಲೆ 0.65 ಕಿಲೋ ಎಲೆಕ್ಟ್ರಾನ್ ವೋಲ್ಟ್ ಹತ್ತಿರ, ಅಂದರೆ ಆ ಗೆರೆ ಇರುವಲ್ಲಿ, ಏರಿದ್ದೆಲ್ಲ ಸೌರಮಾರುತದ ಕೆಲಸ. ಅದು ಏರಿದ ತುಂಡುಗಳನ್ನು ಬಿಟ್ಟುಬಿಟ್ಟೆ. ಒಂದೊಂದು ಗಂಟೆಯ ತುಂಡು ಮಾಡಿದಾಗ ಫೋಟಾನ್ ಸಾಲಲಿಲ್ಲ, ಸುಮ್ನೆ ಗದ್ದಲ. ಮೂರು ಗಂಟೆಗೆ ಸರಿಹೋಯಿತು. ಮೋಡ ದಾಟಿ ಸ್ವಲ್ಪ ದೂರದ ಬೆಳಕೂ ಸೋರುತ್ತದೆ. ಅದನ್ನು ಹೇಗೆ ತೆಗೆದೆ ಅನ್ನುವುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಈಗ ಎರಡು ವರ್ಷಗಳ ಅಂಕಿ ಶೇ. 10ರೊಳಗೆ ಕೂಡುತ್ತದೆ.

ನಡುವೆ ಇನ್ನೊಂದು ಹುಚ್ಚು. ಭೂಮಿ ಡಿಸೆಂಬರ್ ಮೊದಲಲ್ಲಿ ಹೀಲಿಯಂ ಶಂಕು (ಸೂರ್ಯನ ಸೆಳೆತದಿಂದ ಹೀಲಿಯಂ ದಟ್ಟವಾದ ಜಾಗ) ದಾಟುತ್ತದೆ, ಆಗಿನ ಡೇಟಾದಲ್ಲಿ ಏರಿಕೆ ಕಾಣಬಹುದು ಅಂತ ಹುಡುಕಿದೆ. ಒಂದು ತಿಂಗಳು ಹೋಯಿತು. ಈ ದೂರದರ್ಶಕ ಸೂರ್ಯನಿಗೆ ಹೆಚ್ಚುಕಡಿಮೆ ಅಡ್ಡವಾಗಿಯೇ ನೋಡಬೇಕು, ಶಂಕುವಿನ ಉದ್ದಕ್ಕೆ ನೋಡಲು ಬರುವುದಿಲ್ಲ. ಅದಕ್ಕೆ ಡಿಎಕ್ಸ್‌ಎಲ್ ರಾಕೆಟ್ಟೇ ಸರಿ. 2012ರ ಡಿಸೆಂಬರ್‌ನಲ್ಲಿ ಹಾರಿ, ಗ್ಯಾಲಕ್ಸಿಯ ತಟ್ಟೆಯ ಕಡೆಯ ಕಾಲು ಕಿಲೋ ಎಲೆಕ್ಟ್ರಾನ್ ವೋಲ್ಟ್ ಎಕ್ಸ್-ಕಿರಣದಲ್ಲಿ ಸುಮಾರು ಶೇ. 40 ಸೌರಮಾರುತದ್ದು ಅಂತ ತೋರಿಸಿತು. ಉಳಿದದ್ದು ಗುಳ್ಳೆಯದು. ಗುಳ್ಳೆ ನಿಜವಾಗಿ ಇದೆ ಅನ್ನುವುದೇ ನನಗೆ ಜಾಸ್ತಿ ಖುಷಿ.

ಮುಂದಿನ ಮೋಡ ಆರಿಸಿದ್ದೇನೆ. ಸೌರ ಚಟುವಟಿಕೆ ಜೋರಾಗಿದ್ದ ವರ್ಷದ ಡೇಟಾ ಅದು. ಅಲ್ಲೂ ಈ ವಿಧಾನ ನಿಂತರೆ ಮಾತ್ರ ಪೇಪರ್.