ಗೋಕಾಕದ ನೆರೆಯನ್ನು ಕ್ಯೂಜಿಐಎಸ್ ನಕ್ಷೆಯಲ್ಲಿ ಅಳೆಯುವ ಬಗೆ

2019ರ ಆಗಸ್ಟ್‌ನಲ್ಲಿ ಘಟಪ್ರಭಾ ಉಕ್ಕಿ ಗೋಕಾಕ ಪಟ್ಟಣದೊಳಗೆ ನುಗ್ಗಿತು. ಅಂಥ ನೀರು ಮತ್ತೆ ಬಂದರೆ ಯಾವ ಓಣಿ ಮುಳುಗುತ್ತದೆ, ಯಾವ ರಸ್ತೆ ಮೊದಲು ಕಡಿಯುತ್ತದೆ ಎಂಬುದನ್ನು ನಕ್ಷೆ ತಯಾರಿಸಲು ಉಚಿತವಾಗಿ ಸಿಗುವ ಕ್ಯೂಜಿಐಎಸ್ ತಂತ್ರಾಂಶದಲ್ಲೇ ಅಂದಾಜು ಮಾಡಬಹುದು. ಬಣ್ಣ ತುಂಬಿದ ನಕ್ಷೆ ತಯಾರಿಸುವುದು ಕಷ್ಟವಲ್ಲ. ಗೋಡೆಯ ಮೇಲೆ ಉಳಿದಿರುವ ನೀರಿನ ಗುರುತಿಗೆ ಅದನ್ನು ಹೊಂದಿಸುವುದೇ ನಿಜವಾದ ಕೆಲಸ. ಆ ಹೊಂದಾಣಿಕೆ ಇಲ್ಲದ ನಕ್ಷೆಯನ್ನು ಯಾರ ಕೈಗೂ ಕೊಡಬಾರದು.

ನೆಲದ ಎತ್ತರದ ದತ್ತಾಂಶ

ಕೊಪರ್ನಿಕಸ್ ಜಿಎಲ್‌ಒ-30 ಎತ್ತರದ ಮಾದರಿಯನ್ನು ಇಳಿಸಿಕೊಳ್ಳಿ. ಇದರ ಒಂದೊಂದು ಚೌಕ ಸುಮಾರು 30 ಮೀಟರ್. ಗೋಕಾಕ ಇರುವುದು 16 ಉತ್ತರ, 74 ಪೂರ್ವದ ಹಾಳೆಯಲ್ಲಿ. ಆದರೆ ಅದೊಂದೇ ಸಾಲದು. ನದಿ ಹುಟ್ಟುವ ಸಹ್ಯಾದ್ರಿಯವರೆಗಿನ ಅಕ್ಕಪಕ್ಕದ ಹಾಳೆಗಳೂ ಬೇಕು. ಹೆಚ್ಚಿನವರು ಎಡವುವುದು ಇಲ್ಲೇ. ತಾಲ್ಲೂಕಿನ ಗಡಿಗೆ ಕತ್ತರಿಸಿಬಿಟ್ಟರೆ ಮೇಲಿನಿಂದ ಹರಿದು ಬರುವ ನೀರು ಲೆಕ್ಕಕ್ಕೇ ಸಿಗುವುದಿಲ್ಲ, ದೊಡ್ಡ ನದಿಯೂ ತಂತ್ರಾಂಶದ ಕಣ್ಣಿಗೆ ಸಣ್ಣ ಹಳ್ಳವಾಗಿಬಿಡುತ್ತದೆ. ಕತ್ತರಿಸುವುದಿದ್ದರೆ ಜಲಾನಯನದ ಗಡಿಗೆ ಕತ್ತರಿಸಿ.

ಹಾಳೆಗಳನ್ನು ಮರ್ಜ್ ಉಪಕರಣದಿಂದ ಜೋಡಿಸಿ. ನಂತರ ವಾರ್ಪ್ ಬಳಸಿ ಇಪಿಎಸ್‌ಜಿ 32643ಕ್ಕೆ, ಅಂದರೆ ಮೀಟರ್ ಲೆಕ್ಕದಲ್ಲಿ ಅಳೆಯುವ ಯುಟಿಎಂ 43 ಉತ್ತರ ವಲಯಕ್ಕೆ ಬದಲಿಸಿ. ಚೌಕದ ಅಳತೆ 30 ಮೀಟರ್ ಇರಲಿ, ಮರುಮಾದರಿಗೆ ಬೈಲಿನಿಯರ್ ಆರಿಸಿ. ನಿಯರೆಸ್ಟ್ ನೈಬರ್ ಆಯ್ಕೆಯನ್ನೇ ಉಳಿಸಿಕೊಂಡರೆ ನೆಲದ ಮೇಲೆ ಪಟ್ಟಿಪಟ್ಟಿ ಮೂಡುತ್ತದೆ, ನೀರು ಆ ಪಟ್ಟಿಗಳನ್ನೇ ಹಿಡಿದು ಹರಿದಂತೆ ಕಾಣುತ್ತದೆ.

ಈ ಮಾದರಿ ಬರಿ ನೆಲವನ್ನಲ್ಲ, ಮರಗಳ ತಲೆ, ಮನೆಗಳ ಮಾಳಿಗೆ, ರಸ್ತೆಯ ಏರಿಯನ್ನೂ ನೆಲವೆಂದೇ ಎಣಿಸುತ್ತದೆ. ಹಾಗಾಗಿ ಏರಿಗಳು ಅಣೆಕಟ್ಟಿನಂತೆ ನೀರು ತಡೆಯುತ್ತವೆ. ವೈಟ್‌ಬಾಕ್ಸ್‌ಟೂಲ್ಸ್ ಪ್ಲಗಿನ್‌ನಲ್ಲಿರುವ ಬ್ರೀಚ್ ಡಿಪ್ರೆಶನ್ಸ್ ಲೀಸ್ಟ್ ಕಾಸ್ಟ್ ಉಪಕರಣ ಈ ಅಡ್ಡಗಳನ್ನು ಸೀಳಿ ದಾರಿ ಮಾಡಿಕೊಡುತ್ತದೆ. ಹುಡುಕುವ ದೂರ 10ರಿಂದ 20 ಚೌಕ ಇಟ್ಟು ನೋಡಿ, ಆಮೇಲೂ ಉಳಿದ ಗುಂಡಿಗಳನ್ನು ಮಾತ್ರ ತುಂಬಿಸಿ. ಪ್ಲಗಿನ್ ಹಾಕಿದರಷ್ಟೇ ಸಾಲದು. ವೈಟ್‌ಬಾಕ್ಸ್ ಪ್ರೋಗ್ರಾಮನ್ನು ಬೇರೆಯಾಗಿ ಇಳಿಸಿ, ಅದು ಎಲ್ಲಿದೆ ಎಂದು ಪ್ರೊಸೆಸಿಂಗ್ ಸೆಟ್ಟಿಂಗ್ಸ್‌ನಲ್ಲಿ ತೋರಿಸಬೇಕು.

ಹೊಳೆಯಿಂದ ಎಷ್ಟು ಎತ್ತರ

ಸಮುದ್ರಮಟ್ಟದಿಂದ ಊರು ಎಷ್ಟು ಎತ್ತರದಲ್ಲಿದೆ ಎಂಬುದಕ್ಕಿಂತ ನೀರು ಬಂದು ಸೇರುವ ಹೊಳೆಯಿಂದ ಎಷ್ಟು ಮೇಲಿದೆ ಎಂಬುದು ಇಲ್ಲಿ ಮುಖ್ಯ. ಈ ಎತ್ತರವನ್ನು ಹ್ಯಾಂಡ್ (ಹೈಟ್ ಅಬವ್ ನಿಯರೆಸ್ಟ್ ಡ್ರೈನೇಜ್) ಎನ್ನುತ್ತಾರೆ. ಮೊದಲು ಪ್ರತಿ ಚೌಕಕ್ಕೆ ಮೇಲಿನ ಎಷ್ಟು ಚೌಕಗಳ ನೀರು ಬಂದು ಸೇರುತ್ತದೆಂದು ಎಣಿಸುವ ಡಿ8 ಫ್ಲೋ ಅಕ್ಯುಮುಲೇಶನ್, ನಂತರ ಎಕ್ಸ್‌ಟ್ರಾಕ್ಟ್ ಸ್ಟ್ರೀಮ್ಸ್, ಕೊನೆಗೆ ಎಲಿವೇಶನ್ ಅಬವ್ ಸ್ಟ್ರೀಮ್ ಓಡಿಸಿ.

ಹೊಳೆ ಎಂದು ಗುರುತಿಸುವ ಮಿತಿಯನ್ನು ಯೋಚಿಸಿ ಇಡಿ. ಒಂದು ಚೌಕವೆಂದರೆ 900 ಚದರ ಮೀಟರ್, 10,000 ಚೌಕ ಸೇರಿದರೆ 9 ಚದರ ಕಿಲೋಮೀಟರ್. ಅಷ್ಟು ಕಡಿಮೆ ಇಟ್ಟರೆ ಪ್ರತಿ ಹಳ್ಳವೂ ಹೊಳೆಯಾಗುತ್ತದೆ, ಘಟಪ್ರಭೆ ಏರುವಷ್ಟೇ ಹಳ್ಳವೂ ಏರುತ್ತದೆಂದು ನಕ್ಷೆ ಸುಳ್ಳು ಹೇಳುತ್ತದೆ. ದೊಡ್ಡ ನದಿಯ ನೆರೆಗೆ ಸುಮಾರು 200 ಚದರ ಕಿಲೋಮೀಟರ್, ಅಂದರೆ 2.2 ಲಕ್ಷ ಚೌಕದಿಂದ ಶುರುಮಾಡಿ. ಗೋಕಾಕದ ಬಳಿ ಘಟಪ್ರಭೆಯನ್ನು ಸೇರುವ ಮಾರ್ಕಂಡೇಯ ನದಿ ಗೆರೆಯಾಗಿ ಮೂಡಿದೆಯೇ ನೋಡಿಕೊಳ್ಳಿ.

ಗುರುತಿಗೆ ಹೊಂದಿಸುವುದು

ಗುಡಿ, ಶಾಲೆ, ಮನೆಗಳ ಗೋಡೆಯ ಮೇಲಿನ 2019ರ ಗುರುತುಗಳನ್ನು ಹುಡುಕಿ, ನೆಲದಿಂದ ಗುರುತಿನವರೆಗೆ ಟೇಪು ಹಿಡಿದು ಅಳೆಯಿರಿ. ಫೋನಿನ ಜಿಪಿಎಸ್‌ನಿಂದ ಸ್ಥಳವನ್ನಷ್ಟೇ ತೆಗೆದುಕೊಳ್ಳಿ, ಎತ್ತರವನ್ನು ಬೇಡ. ಉಪಗ್ರಹ ಲೆಕ್ಕದ ಎತ್ತರಕ್ಕೂ ಸಮುದ್ರಮಟ್ಟದ ಎತ್ತರಕ್ಕೂ ನಮ್ಮ ರಾಜ್ಯದಲ್ಲಿ ಹಲವು ಹತ್ತು ಮೀಟರ್ ವ್ಯತ್ಯಾಸವಿದೆ.

ಹ್ಯಾಂಡ್ ಮೌಲ್ಯವನ್ನು ಗೋಡೆಯ ಚೌಕದಿಂದ ಓದಬೇಡಿ, ಅಲ್ಲಿ ಮಾಳಿಗೆಯ ಎತ್ತರ ಬೆರೆತಿರುತ್ತದೆ. ಅದೇ ಮಟ್ಟದ ಹತ್ತಿರದ ಬಯಲಿನಲ್ಲಿ ಬಿಂದು ಇಟ್ಟು ಸ್ಯಾಂಪಲ್ ರಾಸ್ಟರ್ ವ್ಯಾಲ್ಯೂಸ್ ಓಡಿಸಿ. ಅಲ್ಲಿ 6.5 ಮೀಟರ್ ಬಂದು, ಗೋಡೆಯ ಗುರುತು ನೆಲದಿಂದ 1.2 ಮೀಟರ್ ಇದ್ದರೆ, ಅಲ್ಲಿ ನೆರೆಯ ಎತ್ತರ 7.7. ಹೀಗೆ ಸಿಕ್ಕ ಎಲ್ಲ ಅಂಕಿಗಳ ಮಧ್ಯಾಂಕ ಹಿಡಿಯಿರಿ. ರಾಸ್ಟರ್ ಕ್ಯಾಲ್ಕುಲೇಟರ್‌ನಲ್ಲಿ ಅದರಿಂದ ಹ್ಯಾಂಡ್ ಕಳೆದರೆ ಪ್ರತಿ ಚೌಕದ ನೀರಿನ ಆಳ ಸಿಗುತ್ತದೆ. ಋಣ ಅಂಕಿ ಬಂದಲ್ಲಿ ನೀರಿಲ್ಲ.

ಇಡೀ ನದಿಗೆ ಒಂದೇ ಅಂಕಿ ಹಾಕಬೇಡಿ. ಪಟ್ಟಣಕ್ಕಿಂತ ಮೇಲೆ ಗೋಕಾಕ ಜಲಪಾತದಲ್ಲಿ ನದಿ 52 ಮೀಟರ್ ಧುಮುಕುತ್ತದೆ. ಜಲಪಾತದ ಮೇಲಿನ ಕಣಿವೆಗೂ ಕೆಳಗಿನ ಬಯಲಿಗೂ ನೀರು ಏರುವ ರೀತಿ ಬೇರೆ, ಹಾಗಾಗಿ ಗುರುತುಗಳನ್ನೂ ಬೇರೆಬೇರೆ ಗುಂಪು ಮಾಡಿ. ಸಂಗಮದ ಬಳಿ ಇನ್ನೊಂದು ತೊಡಕಿದೆ. ಘಟಪ್ರಭೆ ತುಂಬಿದಾಗ ಮಾರ್ಕಂಡೇಯದ ನೀರು ಹಿಂದಕ್ಕೆ ಒತ್ತಿಕೊಂಡು ನಿಲ್ಲುತ್ತದೆ. ಆ ಹಿನ್ನೀರಿಗೆ ಹ್ಯಾಂಡ್ ಒಗ್ಗದು. ಗ್ರಾಸ್‌ನ ಆರ್.ಲೇಕ್ ಉಪಕರಣಕ್ಕೆ ಸಂಗಮದ ಬಿಂದುವನ್ನೂ ನೀರಿನ ಮಟ್ಟವನ್ನೂ ಕೊಟ್ಟರೆ ಅದು ಸಮಮಟ್ಟದಲ್ಲಿ ಹರಡಿ ತೋರಿಸುತ್ತದೆ. ಮಟ್ಟವೆಂದರೆ ಎತ್ತರದ ಮಾದರಿಯಲ್ಲಿನ ಬಯಲಿನ ಎತ್ತರಕ್ಕೆ ಗುರುತಿನ ಅಳತೆ ಕೂಡಿಸಿದ್ದು.

ಉಪಗ್ರಹ ಚಿತ್ರದ ಸಾಕ್ಷಿ

ಸೆಂಟಿನೆಲ್-1 ರಾಡಾರ್ ಮೋಡದಾಚೆಗೂ ನೋಡುತ್ತದೆ. ನೆರೆಯ ದಿನದ್ದೊಂದು, ನೆರೆಗೆ ಮೊದಲಿನದೊಂದು ವಿವಿ (ಲಂಬವಾಗಿ ಕಳಿಸಿ ಲಂಬವಾಗಿಯೇ ಹಿಡಿದ ಅಲೆಗಳ) ಚಿತ್ರ ತೆಗೆದುಕೊಳ್ಳಿ. ಎರಡೂ ಒಂದೇ ಕಕ್ಷೆಯವಾಗಿರಲಿ. ರಾಡಾರಿಗೆ ಮರಳಿದ ಸಂಕೇತ ಡೆಸಿಬಲ್ ಲೆಕ್ಕದಲ್ಲಿ 3ಕ್ಕಿಂತ ಹೆಚ್ಚು ಕುಸಿದ ಜಾಗವನ್ನು ಮೊದಲ ಅಂದಾಜಿಗೆ ನೀರೆಂದು ಹಿಡಿಯಬಹುದು. ಆದರೆ ಇದು ಕಬ್ಬಿನ ಸೀಮೆ. ಎತ್ತರ ಬೆಳೆದ ಕಬ್ಬಿನ ಬುಡದಲ್ಲಿ ನಿಂತ ನೀರು ರಾಡಾರಿಗೆ ಕಪ್ಪಾಗಿ ಕಾಣದೆ, ಕೆಲವೊಮ್ಮೆ ಇನ್ನೂ ಬೆಳ್ಳಗೆ ಕಾಣುತ್ತದೆ. ಹೀಗಾಗಿ ಚಿತ್ರದಲ್ಲಿ ನೀರು ಕಂಡ ಜಾಗ ನಿಮ್ಮ ನಕ್ಷೆಯಲ್ಲಿ ಒಣಗಿದ್ದರೆ ನಕ್ಷೆಯನ್ನು ಅನುಮಾನಿಸಿ. ಚಿತ್ರದಲ್ಲಿ ಕಾಣಲಿಲ್ಲವೆಂದು ನಕ್ಷೆಯ ನೀರನ್ನು ಮಾತ್ರ ಅಳಿಸಬೇಡಿ. ಉಪಗ್ರಹ ಹಾದುಹೋದ ಹೊತ್ತಿಗೆ ನೆರೆ ಇಳಿದಿದ್ದಿರಲೂಬಹುದು.

ಅಪಾಯ ಯಾರಿಗೆ

ನೀರು ಎಲ್ಲಿ ಬರುತ್ತದೆ ಎಂಬುದು ಅರ್ಧ ಉತ್ತರವಷ್ಟೇ. ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದ ಕಟ್ಟಡ, ರಸ್ತೆಗಳ ಪದರ ತನ್ನಿ. ಝೋನಲ್ ಸ್ಟಾಟಿಸ್ಟಿಕ್ಸ್‌ನಿಂದ ಪ್ರತಿ ಕಟ್ಟಡಕ್ಕೆ ಗರಿಷ್ಠ ಆಳ ಬರೆಸಿ, ಅರ್ಧ ಮೀಟರ್, 1, 2 ಮೀಟರ್ ಎಂದು ವಿಂಗಡಿಸಿ. ಮಣ್ಣಿನ ಗೋಡೆಯ ಮನೆಗಳಿಗೆ ಬೇರೆ ಕಾಲಂ ಇರಲೇಬೇಕು. ಅವು ಆಳಕ್ಕಿಂತ ಹೆಚ್ಚಾಗಿ ನೆನೆದು ಕುಸಿಯುತ್ತವೆ, ಎಷ್ಟೋ ಸಲ ನೀರು ಇಳಿದ ಮೇಲೆ. ಅರ್ಧ ಮೀಟರ್ ನೀರು ಎರಡು ದಿನ ನಿಂತ ಓಣಿಯನ್ನು ಕಡಿಮೆ ಅಪಾಯದ ಬಣ್ಣದಲ್ಲಿ ತೋರಿಸುವುದು ಅಲ್ಲಿಯವರಿಗೆ ಮಾಡುವ ಅನ್ಯಾಯ.

ಕಾಳಜಿ ಕೇಂದ್ರಕ್ಕೆ ಆರಿಸಿದ ಶಾಲೆ ಒಣಗಿದ್ದರೆ ಸಾಲದು, ಅಲ್ಲಿಗೆ ಹೋಗುವ ದಾರಿಯೂ ಒಣಗಿರಬೇಕು. ಲೋಳಸೂರ ಸೇತುವೆಯಂಥ ಮುಳುಗುವ ಸೇತುವೆಗಳನ್ನು ರಸ್ತೆ ಪದರದಿಂದ ತೆಗೆದುಹಾಕಿ, ಉಳಿದ ದಾರಿಯಲ್ಲಿ ಪ್ರತಿ ಓಣಿಯಿಂದ ಕೇಂದ್ರ ಮುಟ್ಟಬಹುದೇ ಎಂದು ಶಾರ್ಟೆಸ್ಟ್ ಪಾತ್ ಉಪಕರಣದಲ್ಲಿ ನೋಡಿ. ದಾರಿ ಸಿಗದ ಓಣಿಗಳನ್ನು ಎಲ್ಲರಿಗಿಂತ ಮೊದಲು ತೆರವು ಮಾಡಿಸಬೇಕು.

ಅಚ್ಚು ಹಾಕುವಾಗ ನಕ್ಷೆಯ ಮೂಲೆಯಲ್ಲಿ ಎತ್ತರದ ಮಾದರಿಯ ಹೆಸರು, ಹಿಡಿದ ನೆರೆಯ ವರ್ಷ, ಬಳಸಿದ ಗುರುತುಗಳ ಸಂಖ್ಯೆ ಬರೆಯಿರಿ. ಈ ಮಾದರಿಯ ಎತ್ತರದಲ್ಲಿ ಕೆಲವು ಮೀಟರ್ ತಪ್ಪಿರಬಹುದು, ಆದ್ದರಿಂದ ಅಂಚನ್ನು ಗೆರೆಯಾಗಿ ಎಳೆಯದೆ ಅಗಲವಾದ ಪಟ್ಟಿಯಾಗಿ ತೋರಿಸಿ. ಒಂದೊಂದು ಮನೆಯ ತೀರ್ಮಾನಕ್ಕೆ, ನಿವೇಶನದ ಅನುಮತಿಗೆ ಇದು ಆಗದು. ಅದಕ್ಕೆ ಡ್ರೋನ್ ಸರ್ವೆ ಬೇಕು, ಜೊತೆಗೆ ನೀರಿನ ಹರಿವನ್ನೇ ಲೆಕ್ಕ ಹಾಕುವ ಎಚ್‌ಇಸಿ-ರಾಸ್‌ನಂಥ ತಂತ್ರಾಂಶ ಬೇಕು.