ನಮ್ಮ ಮನೆಯ ಹೊರೆ ಇಳಿಸಿದ್ದು ಹೀಗೆ: ಮೊದಲು ಮೀಟರ್, ಆಮೇಲೆ ಬಿಸಿನೀರು

ಪರಿಸರದ ಮೇಲಿನ ಹೊರೆ ಇಳಿಸಲು ಹೊರಟಾಗ ಮೊದಲ ವಾರ ಯಾವ ಅಭ್ಯಾಸವನ್ನೂ ಬದಲಿಸಲಿಲ್ಲ. ದಿನಾ ಒಂದೇ ಹೊತ್ತಿಗೆ ಮೀಟರಿನ ಅಂಕಿ ಬರೆದಿಟ್ಟೆವು, ಅಷ್ಟೇ. ಆಮೇಲೆ ಫ್ರಿಜ್ಜೂ ಸೇರಿ ಎಲ್ಲವನ್ನೂ ಆಫ್ ಮಾಡಿ, ರಿಮೋಟಿನಿಂದ ಆರಿಸುವಂಥವನ್ನು ಮಾತ್ರ ಗೋಡೆಯ ಸ್ವಿಚ್ಚಿನಲ್ಲಿ ಆನ್ ಇಟ್ಟು, ಮೀಟರಿನ ಮಿನುಗುವ ದೀಪ ನೋಡಿದೆವು. ಯೂನಿಟ್ಟಿಗೆ ಎಷ್ಟು ಮಿನುಗು ಎಂದು ಮೀಟರಿನ ಮೇಲೇ ಬರೆದಿರುತ್ತದೆ, ನಮ್ಮದರಲ್ಲಿ 3200. ಒಂದು ಯೂನಿಟ್ ಎಂದರೆ 36 ಲಕ್ಷ ವ್ಯಾಟ್-ಸೆಕೆಂಡ್. ಆ 36 ಲಕ್ಷವನ್ನು ಮೀಟರಿನ ಸಂಖ್ಯೆಯಿಂದಲೂ, ಎರಡು ಮಿನುಗುಗಳ ನಡುವಿನ ಸೆಕೆಂಡುಗಳಿಂದಲೂ ಭಾಗಿಸಿದರೆ ಎಷ್ಟು ವ್ಯಾಟ್ ಎಂದು ಗೊತ್ತಾಗುತ್ತದೆ. 22.5 ಸೆಕೆಂಡಿಗೊಮ್ಮೆ ಮಿನುಗಿದರೆ 50 ವ್ಯಾಟ್. ಹಗಲೂ ರಾತ್ರಿ ಹಾಗೇ ಬಿಟ್ಟರೆ ತಿಂಗಳಿಗೆ 36 ಯೂನಿಟ್ ಸುಮ್ಮನೆ ಹೋಗುತ್ತದೆ. ಇದರಲ್ಲಿ ಸೆಟ್‌ಟಾಪ್ ಬಾಕ್ಸಿನದೇ ದೊಡ್ಡ ಕೈ. ಖಾಲಿ ಫೋನ್ ಚಾರ್ಜರ್ ಎಳೆಯುವುದು ಲೆಕ್ಕಕ್ಕೇ ಬಾರದು, ಅದಕ್ಕಾಗಿ ಮನೆಯಲ್ಲಿ ಜಗಳ ಬೇಡ.

ನಿಜವಾದ ಉಳಿತಾಯ ಇರುವುದು ಬಿಸಿನೀರಿನಲ್ಲಿ. 15 ಲೀಟರ್ ನೀರನ್ನು 25 ಡಿಗ್ರಿಯಿಂದ 60ಕ್ಕೆ ಏರಿಸಲು ಸುಮಾರು 0.61 ಯೂನಿಟ್ ಬೇಕು. 2000 ವ್ಯಾಟಿನ ಗೀಸರ್ ಇದನ್ನು 20 ನಿಮಿಷದೊಳಗೆ ಮುಗಿಸುತ್ತದೆ. ಹಾಗಾಗಿ ಸ್ನಾನಕ್ಕೆ 20 ನಿಮಿಷ ಮುಂಚೆ ಆನ್, ಕಾದ ಕೂಡಲೇ ಆಫ್. ಎಲ್ಲರೂ ಒಬ್ಬರ ಹಿಂದೆ ಒಬ್ಬರು ಸ್ನಾನ ಮುಗಿಸಬೇಕು. ನಡುವೆ ಮೂರು ಗಂಟೆ ಬಿಟ್ಟರೆ ಟ್ಯಾಂಕೂ ತಣಿಯುತ್ತದೆ, ಪೈಪಿನಲ್ಲಿ ನಿಂತ ನೀರೂ ತಣ್ಣಗಾಗಿ ಚರಂಡಿಗೆ ಹೋಗುತ್ತದೆ. ಉಳಿತಾಯವೆಂದು ಥರ್ಮೋಸ್ಟಾಟನ್ನು, ಅಂದರೆ ನೀರು ಎಷ್ಟು ಕಾಯಬೇಕೆಂದು ನಿಗದಿ ಮಾಡುವ ಗುಂಡಿಯನ್ನು, 40 ಡಿಗ್ರಿಗೆ ಇಳಿಸಬೇಡಿ. ಉಗುರುಬೆಚ್ಚಗೆ ನಿಂತ ನೀರಿನಲ್ಲಿ ಶ್ವಾಸಕೋಶದ ಸೋಂಕು ತರುವ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಬೆಳೆಯುತ್ತದೆ.

ಇನ್ನು ಷವರ್. 10 ಲೀಟರಿನ ಬಕೆಟ್ ಒಂದು ನಿಮಿಷದಲ್ಲಿ ತುಂಬಿದರೆ ಎಂಟು ನಿಮಿಷದ ಸ್ನಾನಕ್ಕೆ 80 ಲೀಟರ್. ನಿಮಿಷಕ್ಕೆ 6 ಲೀಟರ್ ಬಿಡುವ ಷವರ್ ಹಾಕಿದರೆ 48. ಎಡವಟ್ಟಾಗುವುದು ಎರಡು ಕಡೆ. ಟ್ಯಾಂಕಿಲ್ಲದ ಗ್ಯಾಸ್ ಗೀಸರಿಗೆ ಕನಿಷ್ಠ ಹರಿವು ಬೇಕು, ಅದಕ್ಕಿಂತ ಕಡಿಮೆಯಾದರೆ ಉರಿ ಹತ್ತುವುದೇ ಇಲ್ಲ. ಕೊಳ್ಳುವ ಮುಂಚೆ ಗೀಸರಿನ ಲೇಬಲ್ ಓದಿ. ಗಡಸು ನೀರಿದ್ದರೆ ರಂಧ್ರಗಳಿಗೆ ಸುಣ್ಣ ಕಟ್ಟಿ ಹರಿವು ಸಣ್ಣದಾಗುತ್ತದೆ, ಬೇಸತ್ತವರು ಹಳೆಯ ಷವರನ್ನೇ ಮತ್ತೆ ಹಾಕುತ್ತಾರೆ. ತಿಂಗಳಿಗೊಮ್ಮೆ ಬಿಚ್ಚಿ ಅರ್ಧ ಗಂಟೆ ವಿನೆಗರಿನಲ್ಲಿ ನೆನೆಹಾಕಿದರೆ ಸಾಕು.

ಫ್ಲಶ್ ಟ್ಯಾಂಕಿಗೆ ನಾಲ್ಕು ಹನಿ ಬಣ್ಣ ಹಾಕಿ 20 ನಿಮಿಷ ಬಿಡಿ. ಫ್ಲಶ್ ಮಾಡದೆಯೇ ಕಮೋಡಿನಲ್ಲಿ ಬಣ್ಣ ಕಂಡರೆ ಟ್ಯಾಂಕಿನ ತಳದ ರಬ್ಬರ್ ಹೋಗಿ ನೀರು ಸೋರುತ್ತಿದೆ ಎಂದರ್ಥ.

ಫಲಿತಾಂಶವನ್ನು ಕಳೆದ ತಿಂಗಳ ಜೊತೆ ಹೋಲಿಸಬೇಡಿ, ಕಳೆದ ವರ್ಷದ ಇದೇ ತಿಂಗಳ ಜೊತೆ ಹೋಲಿಸಿ. ಚಳಿಗಾಲದಲ್ಲಿ ನಲ್ಲಿಯ ನೀರು 25ರ ಬದಲು 15 ಡಿಗ್ರಿ ಇದ್ದರೆ ಅದೇ ಗೀಸರ್ 0.61ರ ಬದಲು ಸುಮಾರು 0.78 ಯೂನಿಟ್ ತಿನ್ನುತ್ತದೆ.