ಸಿಂಹ, ಚೀತಾ ಪ್ರಾಜೆಕ್ಟ್‌ಗೆ ವಾಲಂಟಿಯರ್ ಆಗಿ ವಿದೇಶಕ್ಕೆ ಹೋಗ್ತಿದ್ದೀರಾ? ದುಡ್ಡು ಕಟ್ಟೋಕೆ ಮುಂಚೆ ಇದನ್ನ ಓದಿ

ಮೊದಲು ಒಂದೇ ಒಂದು ಪ್ರಶ್ನೆ ಕೇಳಿ, ಬಾಕಿ ಎಲ್ಲಾ ಆಮೇಲೆ. ಅಲ್ಲಿ ಪ್ರಾಣಿಗಳನ್ನ ಮುಟ್ಟೋಕೆ ಬಿಡ್ತಾರಾ? ಸಿಂಹದ ಮರಿಗೆ ಬಾಟಲಿಯಲ್ಲಿ ಹಾಲು ಕುಡಿಸೋದು, ತೊಡೆ ಮೇಲೆ ಮಲಗಿಸ್ಕೊಂಡು ಫೋಟೋ ತೆಗೆಸ್ಕೊಳ್ಳೋದು, ಸ್ವಲ್ಪ ಬೆಳೆದ ಸಿಂಹದ ಜೊತೆ ವಾಕಿಂಗ್ ಹೋಗೋದು, ಇದರಲ್ಲಿ ಒಂದಿದ್ರೂ ಸಾಕು, ಆ ಪ್ರಾಜೆಕ್ಟ್ ಬಿಟ್ಬಿಡಿ. ಎಷ್ಟೇ ಚೆನ್ನಾಗಿ ಮಾತಾಡ್ಲಿ, ಎಷ್ಟೇ ಸರ್ಟಿಫಿಕೇಟ್ ತೋರಿಸ್ಲಿ.

ಇಷ್ಟು ಖಡಾಖಂಡಿತವಾಗಿ ಹೇಳೋಕೆ ಕಾರಣ ಇದೆ. ನಾನು ಮೊದಲ ಸಲ ಹುಡುಕಿದಾಗ ಇಂಥದ್ದೇ ಒಂದು ಕಡೆ ಅಡ್ವಾನ್ಸ್ ಕಟ್ಟಿದ್ದೆ. ಮರಿಗಳ ತಾಯಿ ಎಲ್ಲಿ ಅಂತ ಕೇಳಿದ್ದಕ್ಕೆ, ತಾಯಿ ಬಿಟ್ಟುಹೋಗಿದೆ ಅದಕ್ಕೇ ನಾವು ಸಾಕ್ತಿದ್ದೀವಿ ಅಂದ್ರು, ಅಯ್ಯೋ ಪಾಪ ಅನ್ನಿಸ್ತು. ಆರು ತಿಂಗಳಾದ್ಮೇಲೆ ನೋಡಿದ್ರೆ ಅಲ್ಲೇ ಬೇರೆ ಮರಿಗಳು, ಅದೇ ಕಥೆ, ತಾಯಿ ಬಿಟ್ಟುಹೋಗಿದೆ. ಇಷ್ಟೊಂದು ತಾಯಂದಿರು ಒಂದೇ ಜಾಗದಲ್ಲಿ ಮರಿ ಬಿಟ್ಟು ಹೇಗೆ ಹೋಗ್ತಾರೆ? ಆಮೇಲೆ ಓದ್ತಾ ಹೋದಾಗ ಗೊತ್ತಾಯ್ತು. ಅಡ್ವಾನ್ಸ್ ವಾಪಸ್ ಬರ್ಲಿಲ್ಲ, ಆದ್ರೆ ಹೋಗ್ಲಿಲ್ಲ ಅನ್ನೋದೇ ಸಮಾಧಾನ.

ನಡೆಯೋದು ಹೀಗೆ. ದಕ್ಷಿಣ ಆಫ್ರಿಕಾದಲ್ಲಿ 300ಕ್ಕೂ ಹೆಚ್ಚು ಜಾಗಗಳಲ್ಲಿ ಸುಮಾರು 8,000 ಸಿಂಹಗಳು ಬೇಲಿಯೊಳಗೆ ಇವೆ ಅನ್ನೋ ಅಂದಾಜಿದೆ. ಕಾಡಲ್ಲಿ ಹೆಣ್ಣು ಸಿಂಹ ಸುಮಾರು ಎರಡು ವರ್ಷಕ್ಕೊಂದು ಸಲ ಮರಿ ಹಾಕತ್ತೆ, ಯಾಕಂದ್ರೆ ಮರಿ ಜೊತೆಗಿರೋವರೆಗೂ ಮತ್ತೆ ಬೆದೆಗೆ ಬರಲ್ಲ. ಹುಟ್ಟಿದ ಕೆಲವೇ ದಿನಕ್ಕೆ ಮರಿ ಕಿತ್ಕೊಂಡ್ರೆ ಬೇಗ ಬರತ್ತೆ, ಮತ್ತೆ ಮರಿ, ಮತ್ತೆ ವಾಲಂಟಿಯರ್‌ಗಳು. ಮುದ್ದು ಮಾಡೋ ವಯಸ್ಸು ದಾಟಿದ್ಮೇಲೆ ವಾಕಿಂಗ್‌ಗೆ, ಅದೂ ದಾಟಿದ್ಮೇಲೆ ಬೇಲಿಯೊಳಗೇ ದುಡ್ಡು ಕೊಟ್ಟು ಗುಂಡು ಹೊಡೆಯೋ ಬೇಟೆಗಾರರಿಗೆ, ಕೊನೆಗೆ ಮೂಳೆ ಆಗ್ನೇಯ ಏಷ್ಯಾದ ಮಾರ್ಕೆಟ್ಟಿಗೆ. ಹಾಲು ಕುಡಿಸಿದ ಹುಡುಗ ಹುಡುಗಿಯರಿಗೆ ಇದು ಗೊತ್ತೇ ಇರಲ್ಲ, ನಾವು ಒಂದು ಜೀವ ಉಳಿಸಿದ್ವಿ ಅಂದ್ಕೊಂಡೇ ಮನೆಗೆ ಹೋಗ್ತಾರೆ, ನನಗೆ ಹೊಟ್ಟೆ ಉರಿಯೋದು ಅದಕ್ಕೇ. 2021ರಲ್ಲಿ ಅಲ್ಲಿನ ಸರ್ಕಾರ ಸಿಂಹ ಸಾಕಣೆ ನಿಲ್ಲಿಸ್ತೀವಿ ಅಂತ ಘೋಷಿಸ್ತು, 2024ರಲ್ಲಿ ಅದರ ನೀತಿಗೆ ಕ್ಯಾಬಿನೆಟ್ ಒಪ್ಪಿಗೆಯೂ ಸಿಕ್ತು, ಆದ್ರೆ ಇಷ್ಟು ದೊಡ್ಡ ವ್ಯಾಪಾರ ಒಂದೇ ದಿನಕ್ಕೆ ಮುಚ್ಚಿಹೋಗಲ್ಲ. ಅಮೆರಿಕಾದಲ್ಲಿ 2022ರ ಡಿಸೆಂಬರ್‌ನಲ್ಲಿ ಬಂದ ಕಾನೂನು ಸಾರ್ವಜನಿಕರು ಮರಿ ಮುಟ್ಟೋದನ್ನ ನಿಲ್ಲಿಸಿದೆ.

ಇನ್ನೊಂದು ಮಾತು. ಮರಿ ಸಾಕಿ ಕಾಡಿಗೆ ಬಿಡ್ತೀವಿ ಅಂತ ಹೇಳಿದ್ರೆ ನಂಬಬೇಡಿ. ಮನುಷ್ಯರ ಕೈಯಲ್ಲಿ ಬೆಳೆದ ಸಿಂಹಕ್ಕೆ ಮನುಷ್ಯರ ಭಯ ಇರಲ್ಲ, ಬೇಟೆ ಕಲಿಸೋ ಗುಂಪೂ ಇರಲ್ಲ, ಅದನ್ನ ಬಿಟ್ರೆ ನೇರ ಊರಿನ ಕಡೆ ಬರತ್ತೆ. ಹಾಗಾಗಿ ಈ ಕೆಳಗಿನದ್ದನ್ನ ಇಮೇಲ್‌ನಲ್ಲೇ ಕೇಳಿ, ಫೋನಲ್ಲಿ ಬೇಡ, ಬರವಣಿಗೆಯಲ್ಲಿ ಉತ್ತರ ಇರ್ಲಿ: ನಿಮ್ಮಲ್ಲಿ ಮರಿ ಮಾಡಿಸ್ತೀರಾ? ಹೋದ ವರ್ಷ ಇದ್ದ ಮರಿಗಳು ಈಗೆಲ್ಲಿವೆ? ಪ್ರಾಣಿ ಮಾರ್ತೀರಾ, ಬೇರೆಯವರಿಗೆ ಕೊಡ್ತೀರಾ? ನಾನು ಕಟ್ಟೋ ದುಡ್ಡಲ್ಲಿ ಊಟ ವಸತಿಗೆ ಎಷ್ಟು, ಪ್ರಾಜೆಕ್ಟ್‌ಗೆ ಎಷ್ಟು, ಮಧ್ಯದ ಏಜೆನ್ಸಿಗೆ ಎಷ್ಟು? ನಿಜವಾದ ಜಾಗದವರು ಈ ಪ್ರಶ್ನೆ ಕೇಳಿದ್ರೆ ಖುಷಿಪಡ್ತಾರೆ, ಉದ್ದುದ್ದ ಉತ್ತರ ಕಳಿಸ್ತಾರೆ. ಸುತ್ತಿ ಬಳಸಿ ಮಾತಾಡಿದ್ರೆ ಅದೇ ನಿಮ್ಮ ಉತ್ತರ. ಸ್ಯಾಂಕ್ಚುಯರಿ, ಅಂದ್ರೆ ಬಿಡಿಸಿ ತಂದ ಪ್ರಾಣಿಗಳನ್ನ ನೋಡ್ಕೊಳ್ಳೋ ಜಾಗ ಆದ್ರೆ ಗ್ಲೋಬಲ್ ಫೆಡರೇಷನ್ ಆಫ್ ಅನಿಮಲ್ ಸ್ಯಾಂಕ್ಚುಯರೀಸ್ ಮಾನ್ಯತೆ ಇದೆಯಾ ನೋಡಿ, 2007ರಲ್ಲಿ ಶುರುವಾದ ಸಂಸ್ಥೆ ಅದು. ಸಂಶೋಧನೆ ಅಂತ ಹೇಳ್ಕೊಂಡ್ರೆ ಅವರ ಹೆಸರಲ್ಲಿ ವೈಜ್ಞಾನಿಕ ಪೇಪರ್ ಬಂದಿದೆಯಾ ಹುಡುಕಿ. ಅವರು ಹಾಕೋ ಫೋಟೋಗಿಂತ ಅಲ್ಲಿಗೆ ಹೋಗಿಬಂದವರು ಹಾಕಿರೋ ಫೋಟೋ ನೋಡಿ, ಸತ್ಯ ಅಲ್ಲಿ ಬೇಗ ಕಾಣತ್ತೆ.

ಹಾಗಾದ್ರೆ ಒಳ್ಳೆ ಕೆಲಸ ಅಂದ್ರೆ ಹೇಗಿರತ್ತೆ? ಒಂದೇ ಮಾತಲ್ಲಿ ಹೇಳ್ಬೇಕಂದ್ರೆ ದೂರದಿಂದ ಮಾಡೋ ಕೆಲಸ. ತುಂಬಾ ಸಲ ಆ ಪ್ರಾಣಿ ಕಣ್ಣಿಗೇ ಬೀಳಲ್ಲ. ನಾನು ನಮೀಬಿಯಾದಲ್ಲಿದ್ದ ಒಂದು ತಿಂಗಳಲ್ಲಿ ಕಾಡಿನ ಚೀತಾ ಕಣ್ಣಾರೆ ನೋಡಿದ್ದು ಎರಡೇ ಸಲ, ಆದ್ರೆ ಅವುಗಳ ಹಿಕ್ಕೆ ಹೆಕ್ಕಿ ಪ್ಯಾಕೆಟ್‌ಗೆ ಹಾಕಿ ದಿನಾಂಕ ಬರೆದಿದ್ದು ಲೆಕ್ಕವಿಲ್ಲ. ಆ ಹಿಕ್ಕೆ ತೊಳೆದು ಒಳಗಿರೋ ಕೂದಲನ್ನ ಮೈಕ್ರೋಸ್ಕೋಪ್‌ನಲ್ಲಿ ನೋಡಿದ್ರೆ ಅದು ತಿಂದಿದ್ದು ಜಿಂಕೆ ಜಾತಿಯದ್ದಾ ರೈತರ ಮೇಕೆನಾ ಅಂತ ಗೊತ್ತಾಗತ್ತೆ. ಚೀತಾ ನಮ್ಮ ಜಾನುವಾರನ್ನೇ ತಿನ್ನೋದು ಅನ್ನೋ ರೈತರ ಜೊತೆ ಕೂತು ಮಾತಾಡೋಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಇಲ್ಲ.

ಕ್ಯಾಮೆರಾ ಟ್ರ್ಯಾಪ್ (ಮುಂದೆ ಏನಾದ್ರೂ ಅಲುಗಾಡಿದ್ರೆ ತಾನಾಗೇ ಫೋಟೋ ತೆಗೆಯೋ ಕ್ಯಾಮೆರಾ) ಕೆಲಸ ಎಲ್ಲಾ ಕಡೆ ಇರತ್ತೆ, ಇದನ್ನ ಮುಂಚೆನೇ ಕಲ್ತುಕೊಂಡು ಹೋದ್ರೆ ಮೊದಲ ದಿನದಿಂದಲೇ ಉಪಯೋಗಕ್ಕೆ ಬರ್ತೀರಿ. ಚಿರತೆ, ಚೀತಾ, ಜಾಗ್ವಾರ್ ಮೈಮೇಲಿನ ಚುಕ್ಕೆ, ಹುಲಿಯ ಪಟ್ಟೆ ನಮ್ಮ ಬೆರಳಚ್ಚು ಇದ್ದಹಾಗೆ, ಒಂದರದ್ದು ಇನ್ನೊಂದಕ್ಕೆ ಇರಲ್ಲ, ಅಷ್ಟೇ ಅಲ್ಲ ಒಂದೇ ಪ್ರಾಣಿಯ ಎಡಗಡೆ ಬಲಗಡೆ ಕೂಡ ಬೇರೆ ಬೇರೆ, ಅದಕ್ಕೇ ದಾರಿಯ ಎರಡೂ ಬದಿಗೆ ಎದುರುಬದುರು ಕ್ಯಾಮೆರಾ ಕಟ್ಟೋದು. ಸಿಂಹಕ್ಕೆ ಚುಕ್ಕೆ ಇಲ್ಲ ಅಲ್ವಾ, ಅದರ ಮೀಸೆ ಬುಡದ ಚುಕ್ಕೆಗಳ ಸಾಲು ನೋಡಿ ಗುರುತಿಸ್ತಾರೆ. ಕ್ಯಾಮೆರಾ ಹೆಚ್ಚುಕಮ್ಮಿ ಮೊಣಕಾಲೆತ್ತರಕ್ಕೆ, ಬೆಳಗಿನ ಸಂಜೆಯ ಬಿಸಿಲು ಲೆನ್ಸ್‌ಗೆ ಹೊಡೆಯದ ಹಾಗೆ ತಿರುಗಿಸಿ ಕಟ್ಬೇಕು, ಮುಂದಿರೋ ಹುಲ್ಲು ಸವರಬೇಕು, ಇಲ್ಲಾಂದ್ರೆ ಗಾಳಿಗೆ ಹುಲ್ಲಾಡಿದ್ದೇ ಸಾವಿರಾರು ಫೋಟೋ. ತಾರೀಕು ಟೈಮ್ ಸರಿ ಇದೆಯಾ ಅಂತ ಎರಡು ಸಲ ನೋಡಿ, ಅದೊಂದು ತಪ್ಪಿದ್ರೆ ತಿಂಗಳ ಡೇಟಾ ನೀರಲ್ಲಿ ಹೋಮ. ಆಮೇಲೆ ರೂಮಲ್ಲಿ ಕೂತು ಲ್ಯಾಪ್‌ಟಾಪ್‌ನಲ್ಲಿ ಒಂದೊಂದೇ ಫೋಟೋ ನೋಡಿ ಹೆಸರು ಹಾಕೋ ಕೆಲಸ, ಬೇಜಾರಾಗತ್ತೆ, ಆದ್ರೆ ಅಧ್ಯಯನ ನಿಂತಿರೋದೇ ಅದರ ಮೇಲೆ.

ಚೀತಾ ಇಷ್ಟ ಇರೋರಿಗೆ ನಮೀಬಿಯಾದ ಒಚಿವರೊಂಗೊ ಹತ್ರ ಇರೋ ಚೀತಾ ಕನ್ಸರ್ವೇಶನ್ ಫಂಡ್ ಹೆಸರು ಮೊದಲು ಬರತ್ತೆ, ಲಾರಿ ಮಾರ್ಕರ್ 1990ರಲ್ಲಿ ಶುರುಮಾಡಿದ್ದು. ನಮೀಬಿಯಾದ ಹೆಚ್ಚಿನ ಚೀತಾಗಳು ಇರೋದು ರೈತರ ಜಮೀನಲ್ಲಿ, ಅಭಯಾರಣ್ಯದ ಹೊರಗೆ, ಯಾಕಂದ್ರೆ ಪಾರ್ಕ್ ಒಳಗೆ ಸಿಂಹ, ಕತ್ತೆಕಿರುಬಗಳು ಚೀತಾಗಳ ಬೇಟೆ ಕಿತ್ಕೊಳ್ತವೆ, ಮರಿ ಕೊಲ್ತವೆ. ಹಾಗಾಗಿ ಅಲ್ಲಿ ಚೀತಾ ಉಳಿಸೋದು ಅಂದ್ರೆ ರೈತರ ಮೇಕೆ ಉಳಿಸೋದು. 1994ರಿಂದ ಅವರು ಅನಾಟೋಲಿಯನ್ ಶೆಫರ್ಡ್, ಕಂಗಾಲ್ ಅನ್ನೋ ದೊಡ್ಡ ಕಾವಲುನಾಯಿಗಳನ್ನ ಬೆಳೆಸಿ ರೈತರಿಗೆ ಕೊಡ್ತಿದ್ದಾರೆ. ನಾಯಿಮರಿಯನ್ನ ಚಿಕ್ಕದರಿಂದ ಮೇಕೆ ಕುರಿ ಜೊತೆಗೇ ಬೆಳೆಸ್ತಾರೆ, ಅದಕ್ಕೆ ಮಂದೆನೇ ಮನೆಮಂದಿ, ಎದುರಿಗೆ ಏನೇ ಬಂದ್ರೂ ಗಟ್ಟಿಯಾಗಿ ಬೊಗಳ್ತಾ ನಿಲ್ಲತ್ತೆ, ಚೀತಾ ಜಗಳ ಬೇಡ ಅಂತ ಹೊರಟುಹೋಗತ್ತೆ. ರೈತ ಗನ್ ತೆಗೆಯೋ ಪ್ರಮೇಯ ಬರಲ್ಲ. ಕಾಡಲ್ಲಿ ಉಳಿದಿರೋ ಚೀತಾಗಳೇ ಸುಮಾರು 7,100 ಅಂತ 2016ರ ಅಂದಾಜು, ಅಂಥಾ ಹೊತ್ತಲ್ಲಿ ಒಂದು ನಾಯಿಮರಿಗೆ ಊಟ ಹಾಕೋದು ಚೀತಾ ಕೆಲಸನೇ ಅಂತ ನನಗನ್ನಿಸತ್ತೆ.

ಇಂಥ ಉಪಾಯಗಳು ಇನ್ನೂ ಇವೆ, ಓದ್ಕೊಂಡು ಹೋಗಿ. ಬೋಟ್ಸ್ವಾನಾದ ಒಕವಾಂಗೊ ಕಡೆ ಹಸುಗಳ ಹಿಂಭಾಗಕ್ಕೆ ದೊಡ್ಡ ಕಣ್ಣು ಬರೆದು ನಾಲ್ಕು ವರ್ಷ ಪರೀಕ್ಷೆ ಮಾಡಿದ್ರು, ಫಲಿತಾಂಶ 2020ರಲ್ಲಿ ಬಂತು: ಕಣ್ಣು ಬರೆದ 683 ಹಸುಗಳಲ್ಲಿ ಸಿಂಹ ಚಿರತೆಗೆ ಬಲಿಯಾಗಿದ್ದು ಒಂದೂ ಇಲ್ಲ, ಏನೂ ಬರೆಯದ 835ರಲ್ಲಿ 15 ಹೋದವು. ಹೊಂಚುಹಾಕೋ ಪ್ರಾಣಿಗೆ ಎದುರಿನದ್ದು ನನ್ನ ನೋಡಿಬಿಡ್ತು ಅನ್ನಿಸಿದ್ರೆ ಬೇಟೆ ಬಿಟ್ಟುಬಿಡತ್ತೆ, ಅಷ್ಟೇ ತತ್ವ. ಕೆನ್ಯಾದ ಅಂಬೋಸೆಲಿ ಕಡೆ 2007ರಲ್ಲಿ ಶುರುವಾದ ಲಯನ್ ಗಾರ್ಡಿಯನ್ಸ್ ಅನ್ನೋ ಸಂಸ್ಥೆಯಲ್ಲಿ ಒಂದು ಕಾಲಕ್ಕೆ ಸಿಂಹ ಕೊಲ್ಲೋದನ್ನ ಹೆಮ್ಮೆ ಅಂದ್ಕೊಂಡಿದ್ದ ಮಸಾಯಿ ಬುಡಕಟ್ಟಿನ ಯುವಕರೇ ಈಗ ಸಿಂಹ ಕಾಯೋರು. ಇದನ್ನ ಹೊರಗಿನಿಂದ ಬಂದ ನಾನು ನೀವು ಮಾಡೋಕಾಗಲ್ಲ, ಮಾಡ್ಲೂಬಾರದು. ಅದಕ್ಕೇ ಪ್ರಾಜೆಕ್ಟ್ ಆರಿಸೋವಾಗ ಇನ್ನೊಂದು ಪ್ರಶ್ನೆ ಸೇರಿಸ್ಕೊಳ್ಳಿ: ನಾನು ಮಾಡೋ ಕೆಲಸಕ್ಕೆ ಅಲ್ಲಿನ ಊರಿನವರನ್ನ ಸಂಬಳಕ್ಕೆ ಇಟ್ಕೊಬಹುದಿತ್ತಾ? ಹೌದು ಅಂತಾದ್ರೆ ನೀವು ಒಬ್ಬರ ಅನ್ನ ಕಿತ್ಕೊಂಡ ಹಾಗೆ. ಡೇಟಾ ಎಂಟ್ರಿ, ಮ್ಯಾಪ್ ಮಾಡೋದು, ವೆಲ್ಡಿಂಗ್, ವೆಟರ್ನರಿ, ಅಕೌಂಟ್ಸ್, ವಿಡಿಯೋ ಎಡಿಟಿಂಗ್, ಇಂಥದ್ದೇನಾದ್ರೂ ಕೈಯಲ್ಲಿದ್ರೆ ಅರ್ಜಿಯಲ್ಲಿ ಮೊದಲ ಸಾಲಲ್ಲೇ ಬರೀರಿ, ಪ್ರಾಣಿ ಅಂದ್ರೆ ನಂಗೆ ಪ್ರಾಣ ಅನ್ನೋದು ಆಮೇಲೆ.

ಎರಡು ವಾರ ಮಾತ್ರ ರಜೆ ಸಿಗೋರು ಬೇಜಾರಾಗ್ಬೇಡಿ. ಬಯೋಸ್ಫಿಯರ್ ಎಕ್ಸ್‌ಪೆಡಿಷನ್ಸ್ ಅನ್ನೋ ಸಂಸ್ಥೆ 2014ರಿಂದ ಕಿರ್ಗಿಸ್ತಾನದ ತಿಯೆನ್ ಶಾನ್ ಬೆಟ್ಟಗಳಲ್ಲಿ ಹಿಮಚಿರತೆ ಸಮೀಕ್ಷೆ ಮಾಡ್ತಿದೆ, ಅಂಥ ಕಡೆ ಸಣ್ಣ ಅವಧಿಗೇ ಗುಂಪು ಕರ್ಕೊಂಡು ಹೋಗೋದು. ಹಿಮಚಿರತೆ ಕಾಣತ್ತೆ ಅಂತ ಮಾತ್ರ ಹೋಗ್ಬೇಡಿ, ಹೆಜ್ಜೆಗುರುತು, ಹಿಕ್ಕೆ, ಐಬೆಕ್ಸ್ (ಬೆಟ್ಟದ ಕಾಡುಮೇಕೆ) ಎಣಿಕೆ, ದಿನಾ ಬೆಟ್ಟ ಹತ್ತೋದು, ಇಷ್ಟೇ. ಮಂಡಿ ಗಟ್ಟಿ ಇರ್ಬೇಕು.

ಸ್ಯಾಂಕ್ಚುಯರಿಗೆ ಹೋಗೋರಿಗೆ ಒಂದು ಎಚ್ಚರಿಕೆ, ಇದನ್ನ ಸಲೀಸಾಗಿ ತಗೋಬೇಡಿ. ಸರ್ಕಸ್ಸಿಂದ, ಖಾಸಗಿ ಬೋನಿಂದ ಬಿಡಿಸಿ ತಂದ ಪ್ರಾಣಿಗಳು ಅಲ್ಲಿರ್ತವೆ, ನಿಮ್ಮ ಕೆಲಸ ಮಾಂಸ ಕೊಯ್ಯೋದು, ಆವರಣ ಕ್ಲೀನ್ ಮಾಡೋದು, ನೀರಿನ ತೊಟ್ಟಿ ಉಜ್ಜೋದು. 2013ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ, 2018ರಲ್ಲಿ ನಾರ್ತ್ ಕೆರೊಲಿನಾದಲ್ಲಿ ಚಿಕ್ಕ ವಯಸ್ಸಿನ ಇಂಟರ್ನ್‌ಗಳು ಸಿಂಹಕ್ಕೆ ಬಲಿಯಾದ್ರು, ಎರಡೂ ಸಲ ಪ್ರತ್ಯೇಕವಾಗಿ ಕೂಡಿಹಾಕಿದ್ದ ಸಿಂಹ ಹೊರಗೆ ಬಂದಿದ್ದು. ಹಾಗಾಗಿ ಒಳಗೆ ಕಾಲಿಡೋ ಮುಂಚೆ ಪ್ರಾಣಿ ಎಲ್ಲಿದೆ ಅಂತ ಕಣ್ಣಾರೆ ನೋಡಿ, ಬೀಗವನ್ನ ಕೈಯಲ್ಲೇ ಎಳೆದು ನೋಡಿ, ಜೊತೆಗಿರೋರೂ ಎಳೆದು ನೋಡ್ಲಿ. ಒಂದು ಗೇಟ್ ಮುಚ್ಚಿದ್ಮೇಲೇ ಇನ್ನೊಂದು ತೆಗೆಯೋ ಎರಡು ಗೇಟಿನ ವ್ಯವಸ್ಥೆ ಇಲ್ಲದ ಕಡೆ, ಒಬ್ಬರನ್ನೇ ಕ್ಲೀನಿಂಗ್‌ಗೆ ಕಳಿಸೋ ಕಡೆ ಕೆಲಸಕ್ಕೆ ಒಪ್ಕೊಬೇಡಿ, ಸಂಕೋಚ ಬೇಡವೇ ಬೇಡ.

ಇನ್ನು ಕಾಗದಪತ್ರ. ಸಂಬಳ ಇಲ್ಲ ಅಲ್ವಾ, ಟೂರಿಸ್ಟ್ ವೀಸಾ ಸಾಕು ಅಂತ ಏಜೆನ್ಸಿಯವರು ಹೇಳಬಹುದು, ಆದ್ರೆ ಹಲವು ದೇಶಗಳಲ್ಲಿ ಬಿಟ್ಟಿ ಕೆಲಸವೂ ಕೆಲಸನೇ, ಸಿಕ್ಕಿಬಿದ್ರೆ ವಾಪಸ್ ಕಳಿಸ್ತಾರೆ. ಆ ದೇಶದ ಎಂಬೆಸಿಗೇ ಬರೆದು ಯಾವ ವೀಸಾ ಅಂತ ಕೇಳಿ, ತಿಂಗಳುಗಟ್ಟಲೆ ಮುಂಚೆ ಶುರುಮಾಡಿ. ಯೆಲ್ಲೋ ಫೀವರ್ (ಸೊಳ್ಳೆಯಿಂದ ಬರೋ ಹಳದಿ ಜ್ವರ) ಲಸಿಕೆಯ ಸರ್ಟಿಫಿಕೇಟ್, ಲಸಿಕೆ ಹಾಕಿಸ್ಕೊಂಡ ಹತ್ತು ದಿನ ಆದ್ಮೇಲಷ್ಟೇ ಲೆಕ್ಕಕ್ಕೆ ಬರೋದು, 2016ರಿಂದ ಅದು ಜೀವನಪರ್ಯಂತ ನಡೆಯತ್ತೆ. ಕೆನ್ಯಾ ನೋಡ್ಕೊಂಡು ದಕ್ಷಿಣ ಆಫ್ರಿಕಾಗೆ ಹೋಗೋರು ಅದಿಲ್ಲದೇ ಏರ್‌ಪೋರ್ಟಲ್ಲೇ ಸಿಕ್ಕಿಹಾಕ್ಕೋತಾರೆ. ರೇಬೀಸ್‌ಗೆ ಮುಂಚೆನೇ ಎರಡು ಡೋಸ್, ಮೊದಲ ದಿನ ಮತ್ತು ಏಳು ದಿನ ಬಿಟ್ಟು, ಹಾಕಿಸ್ಕೊಳ್ಳಿ. ಕಚ್ಚಿದ್ಮೇಲೆ ಮತ್ತೆ ಇಂಜೆಕ್ಷನ್ ಬೇಕೇ ಬೇಕು, ಆದ್ರೆ ಹಳ್ಳಿಗಾಡಲ್ಲಿ ಸಿಗೋಕೆ ಕಷ್ಟವಾದ ಇಮ್ಯುನೊಗ್ಲೋಬ್ಯುಲಿನ್ (ಸಿದ್ಧ ಪ್ರತಿಕಾಯಗಳ ಇಂಜೆಕ್ಷನ್) ಬೇಕಾಗಲ್ಲ. ಧನುರ್ವಾಯು ಇಂಜೆಕ್ಷನ್ ಮರೀಬೇಡಿ, ಮುಳ್ಳುತಂತಿ ಜೊತೆ ಕೆಲಸ. ಮಲೇರಿಯಾ ಮಾತ್ರೆ ಡಾಕ್ಟರ್ ಕೇಳಿ ತಗೊಳ್ಳಿ, ಡಾಕ್ಸಿಸೈಕ್ಲಿನ್ ಕೊಟ್ರೆ ಬಿಸಿಲಿಗೆ ಚರ್ಮ ಬೇಗ ಸುಡತ್ತೆ, ವಾಪಸ್ ಬಂದ್ಮೇಲೂ ನಾಲ್ಕು ವಾರ ನುಂಗ್ಬೇಕು. ಇನ್ಶೂರೆನ್ಸ್‌ನಲ್ಲಿ ಕಾಡಿನ ಮಧ್ಯದಿಂದ ಹೆಲಿಕಾಪ್ಟರ್ ಅಥವಾ ವಿಮಾನದಲ್ಲಿ ಆಸ್ಪತ್ರೆಗೆ ಸಾಗಿಸೋ ಖರ್ಚು ಇದೆಯಾ, ಪ್ರಾಣಿಗಳ ಜೊತೆಗಿನ ಕೆಲಸಕ್ಕೆ ಅನ್ವಯಿಸತ್ತಾ ಅಂತ ಸಣ್ಣಕ್ಷರ ಓದಿ.

ಬಟ್ಟೆ ಮಣ್ಣಿನ ಬಣ್ಣದ್ದು ಸಾಕು, ಕಡುನೀಲಿ ಕಪ್ಪು ಬೇಡ, ರಕ್ತ ಹೀರೋ ತ್ಸೆತ್ಸೆ ನೊಣ ಅದಕ್ಕೇ ಮುತ್ತತ್ತೆ. ಮಿಲಿಟರಿ ಥರದ ಕ್ಯಾಮಫ್ಲಾಜ್ ಪ್ಯಾಂಟ್ ಜಿಂಬಾಬ್ವೆ, ಜಾಂಬಿಯಾದಲ್ಲಿ ಜನಸಾಮಾನ್ಯರು ಹಾಕೋ ಹಾಗಿಲ್ಲ, ಮನೆಯಲ್ಲೇ ಬಿಡಿ. ಕೆನ್ಯಾದಲ್ಲಿ 2017ರಿಂದ ಪ್ಲಾಸ್ಟಿಕ್ ಕೈಚೀಲ ಬ್ಯಾನ್. ನಮೀಬಿಯಾದಲ್ಲಿ ಜುಲೈ ರಾತ್ರಿಗಳಲ್ಲಿ ಮೈ ಕೊರೆಯೋ ಚಳಿ, ಆಫ್ರಿಕಾ ಅಂದ್ರೆ ಸೆಕೆ ಅಂದ್ಕೊಂಡು ಸ್ವೆಟರ್ ಬಿಟ್ಟುಬರೋರು ತುಂಬಾ ಜನ. ಹೆಡ್‌ಲ್ಯಾಂಪ್ ಒಂದಲ್ಲ ಎರಡು ಇಟ್ಕೊಳ್ಳಿ.

ಫೋನಿನ ಕ್ಯಾಮೆರಾದಲ್ಲಿ ಲೊಕೇಶನ್ ಆಫ್ ಮಾಡಿ, ಹೊರಡೋ ದಿನವೇ. ಘೇಂಡಾಮೃಗದ್ದಾಗ್ಲಿ ಸಿಂಹದ್ದಾಗ್ಲಿ ಫೋಟೋ ಹಾಕಿದ್ರೆ ಅದನ್ನ ತೆಗೆದ ಜಾಗ ಕಳ್ಳಬೇಟೆಯವರಿಗೂ ಕಾಣತ್ತೆ. ಮತ್ತೆ ವಾಪಸ್ ಬಂದ್ಮೇಲೆ ಒಂದು ರಿವ್ಯೂ ಬರೀರಿ, ಊಟ ಚೆನ್ನಾಗಿತ್ತು ಜನ ಒಳ್ಳೆಯವರು ಅಂತಲ್ಲ, ಮರಿ ಇದ್ವಾ, ಮುಟ್ಟೋಕೆ ಬಿಟ್ರಾ, ದಿನಾ ಏನು ಕೆಲಸ ಕೊಟ್ರು, ಬೀಗ ಹೇಗಿತ್ತು, ಕೇಳಿದ ಪ್ರಶ್ನೆಗೆ ಏನಂದ್ರು ಅಂತ. ನಾನು ಎರಡನೇ ಸಲ ಸರಿಯಾದ ಜಾಗ ಹುಡುಕ್ಕೊಂಡಿದ್ದು ಯಾರೋ ಗುರುತಿಲ್ಲದವರು ಹಾಗೆ ಬರೆದಿಟ್ಟಿದ್ದ ಒಂದು ರಿವ್ಯೂ ನೋಡಿನೇ.